ತೆಳು ಉಣ್ಣೆ ಗ್ಲೌಸ್ ಬೇಕು: ಸ್ಕೂಟಿಗೂ ಆಗ್ಬೇಕು, ಹಿಮಕ್ಕೂ ಆಗ್ಬೇಕು. ಶಿರಸಿ ಕಡೆ ಎಲ್ಲಿ ಸಿಗ್ತದೆ?

ಹುಲೇಕಲ್_ರಸ್ತೆ
ಡಿಸೆಂಬರ್ ಕಡೇ ವಾರ ಉತ್ತರಾಖಂಡದ ಕೇದಾರಕಂಠ ಬೆಟ್ಟ ಹತ್ತಲಿಕ್ಕೆ ಹೊರಟಿದ್ದೇವೆ. ನಾನು, ಚಿಕ್ಕಪ್ಪನ ಮಗಳು, ಅವಳ ಗೆಳತಿ. ಟ್ರೆಕ್ಕಿನವರು ಕಳಿಸಿದ ಪಟ್ಟಿಯಲ್ಲಿ ಗ್ಲೌಸ್ ಎರಡು ಜೊತೆ ಇದೆ: ಒಳಗೆ ಹಾಕಲಿಕ್ಕೆ ತೆಳು ಉಣ್ಣೆಯದು, ಮೇಲೆ ಹಾಕಲಿಕ್ಕೆ ನೀರು ಇಳಿಯದ ದಪ್ಪದ್ದು. ದಪ್ಪದ್ದು ಟ್ರೆಕ್ ಶುರುವಾಗುವ ಸಾಂಕ್ರಿ ಊರಲ್ಲಿ ಬಾಡಿಗೆಗೆ ಸಿಗ್ತದಂತೆ. ತೆಳುವಿನದ್ದೇ ತಲೆಬಿಸಿ.

ಪೇಟೆಯಲ್ಲಿ ಕೇಳಿದ್ರೆ ನೂರೈವತ್ತು ರೂಪಾಯಿಗೆ "ಪ್ಯೂರ್ ಉಲನ್" ಅಂತ ಒಂದು ಕೊಡ್ತಾರೆ. ಆನ್‌ಲೈನಲ್ಲಿ ಮೆರಿನೋ (ಅದೇ ಹೆಸರಿನ ಕುರಿಯ ನಯ ಉಣ್ಣೆ) ಅಂತ ಹುಡುಕಿದ್ರೆ ಅದರ ಹತ್ತು ಪಟ್ಟು. ಇಷ್ಟು ಫರಕು ಎಂತಕ್ಕೆ? ಇನ್ನೊಂದು, ನಾನು ದಿನಾ ಬೆಳಿಗ್ಗೆ ಆರೂವರೆಗೆ ಸ್ಕೂಟಿಯಲ್ಲಿ ಶಿರಸಿಗೆ ಬರುವವಳು. ಈಗಲೇ ಬೆರಳು ಜೋಮು ಹಿಡೀತದೆ. ಒಂದೇ ಜೊತೆ ತಗೊಂಡ್ರೆ ಇಲ್ಲಿಗೂ ಅಲ್ಲಿಗೂ ಆಗ್ತದಾ? ಫೋನ್ ಒತ್ತಲಿಕ್ಕೂ ಬರಬೇಕು.

ಬೈತಖೋಲ_ಬಾಬು
ಗ್ಲೌಸಾ? ನಾವು ಕಾರವಾರದಲ್ಲಿ ಡಿಸೆಂಬರಲ್ಲೂ ಫ್ಯಾನ್ ಹಾಕ್ಕೊಂಡು ಮಲಗುವ ಜನ ಮಾರಾಯ್ತಿ.

ಮಾಬ್ಲು
ನೂರೈವತ್ತರದ್ದು ಉಣ್ಣೆ ಅಲ್ಲ, ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ ಜಾತಿಯ ನೂಲು. ನಮ್ಮಲ್ಲಿ ಹೆಣೆದದ್ದಕ್ಕೆಲ್ಲ ಉಲನ್ ಅಂತಲೇ ಹೆಸರು. ಹೊಲಿಗೆ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ನಾತ ಬರ್ತದೆ, ಬೆಂಕಿ ತೆಗೆದ ಕೂಡ್ಲೆ ಆರ್ತದೆ, ಉಳಿದ ಬೂದಿ ಬೆರಳಲ್ಲಿ ತಿಕ್ಕಿದ್ರೆ ಪುಡಿ. ಅಕ್ರಿಲಿಕ್ ಕರಗಿ ತುದಿಯಲ್ಲಿ ಗಟ್ಟಿ ಕರೀ ಮಣಿ ಆಗ್ತದೆ. ಬಿಸಿ ಇರುವಾಗ ಆ ಮಣಿ ಮಾತ್ರ ಮುಟ್ಬೇಡಿ.

ಹುಲೇಕಲ್_ರಸ್ತೆ
ಅಂಗಡಿಯಲ್ಲಿ ನಿಂತು ಕಡ್ಡಿ ಗೀರಿದ್ರೆ ಓಡಿಸ್ತಾರೆ 😀

ಮಾಬ್ಲು
ಹಾಗಾದ್ರೆ ಒಳಗಿನ ಚೀಟಿ ಓದಿ. ನೂರಕ್ಕೆ ಎಷ್ಟು ಉಣ್ಣೆ ಅಂತ ಬರೆದಿರಬೇಕು. ಅಸಲಿ ಉಣ್ಣೆಗೆ ಹಾಕುವ ಉಲ್‌ಮಾರ್ಕ್ ಮುದ್ರೆ ಇದ್ರೆ ಇನ್ನೂ ಒಳ್ಳೇದು, 1964ರಿಂದ ಇರುವ ಗುರುತು ಅದು. ಚೀಟಿಯೇ ಇಲ್ಲ ಅಂದ್ರೆ ಅಕ್ರಿಲಿಕ್ ಅಂತಲೇ ತಿಳ್ಕೊಂಡು ರೇಟು ಮಾತಾಡಿ.

ಬುಲೆಟ್_ಭಟ್ಟ
ಅಸಲಿ ಮೆರಿನೋ ಆಗಲಿ ನಕಲಿ ಆಗಲಿ, ಗಾಡಿಗೆ ಹೆಣೆದ ಗ್ಲೌಸ್ ದಂಡ. ಗಾಳಿ ಸೀದಾ ಒಳಗೆ ಹೋಗ್ತದೆ. ಬೆಳಿಗ್ಗೆ ದೇವಿಮನೆ ಘಾಟಿ ಇಳಿದು ನೋಡಿ, ಕುಮಟಾ ಮುಟ್ಟುವಷ್ಟರಲ್ಲಿ ಕ್ಲಚ್ ಹಿಡಿದ ಕೈ ನಿಮ್ಮದೋ ಬೇರೆಯವರದ್ದೋ ಗೊತ್ತಾಗ್ಲಿಕ್ಕಿಲ್ಲ. ಲೆದರ್ ಗ್ಲೌಸ್ ತಗೊಳ್ಳಿ, ವಿಷಯ ಮುಗೀತು.

ಹಿಮದ_ಹುಚ್ಚ
ಭಟ್ರು ಹೇಳಿದ್ದು ಅರ್ಧ ಸರಿ. ಹೆಣಿಗೆ ಗಾಳಿ ತಡೆಯೋದಿಲ್ಲ, ಅದು ಅದರ ಕೆಲಸವೂ ಅಲ್ಲ. ತೆಳು ಉಣ್ಣೆ ಗ್ಲೌಸ್ ಅಂದ್ರೆ ಅಂಗಿ ಒಳಗಿನ ಬನಿಯನ್ ಇದ್ದ ಹಾಗೆ. ಬನಿಯನ್ ಮೇಲೆ ಊರು ತಿರುಗಿ ಚಳಿ ಆಯ್ತು ಅಂದ್ರೆ ಬನಿಯನ್ ಎಂತ ಮಾಡೀತು?

ಲೆಕ್ಕ ಹೀಗೆ. ಹೊರಗೆ 10 ಡಿಗ್ರಿ ಇದ್ದು ನೀವು 50 ಕಿ.ಮೀ. ವೇಗದಲ್ಲಿ ಹೋಗ್ತಿದ್ರೆ ಬರೀ ಚರ್ಮಕ್ಕೆ ಅದು 5-6 ಡಿಗ್ರಿ ಚಳಿಯ ಹಾಗೆ ತಾಗ್ತದೆ. ಬೆರಳು ಸಪೂರ, ನಾಲ್ಕೂ ಕಡೆಯಿಂದ ಶಾಖ ಕಳ್ಕೊಳ್ತದೆ. ಸ್ಕೂಟಿಗೆ ಗಾಳಿ ಹೋಗದ ಒಂದು ತೆಳು ಹೊರಗ್ಲೌಸ್, ಅದರೊಳಗೆ ಉಣ್ಣೆ. ಇಷ್ಟಾದ್ರೆ ಶಿರಸಿ ಚಳಿಗೆ ಧಾರಾಳ.

ಬೆಟ್ಟದಲ್ಲಿ ಉಪಯೋಗ ಬೇರೆ ಥರ. ಕೇದಾರಕಂಠ 12,500 ಅಡಿ, ತುದಿಗೆ ಹೊರಡೋದು ಬೆಳಕು ಹರಿಯುವ ಮೊದಲು. ಆ ಕತ್ತಲಲ್ಲಿ ಬೂಟಿಗೆ ಮೈಕ್ರೋಸ್ಪೈಕ್ ಹಾಕ್ಬೇಕು. ಅದೊಂದು ರಬ್ಬರ್ ಪಟ್ಟಿ, ಕೆಳಗೆ ಕಬ್ಬಿಣದ ಸರಪಳಿ ಮತ್ತೆ ಮುಳ್ಳು. ಎರಡೂ ಕೈಯಲ್ಲಿ ಹಿಗ್ಗಿಸಿ ಬೂಟಿನ ಮೂತಿಗೆ ಸಿಕ್ಕಿಸಿ, ಹಿಮ್ಮಡಿಗೆ ಎಳೀಬೇಕು. ದಪ್ಪ ಗ್ಲೌಸಲ್ಲಿ ಹಿಡಿತವೇ ಸಿಗೋದಿಲ್ಲ, ಎಲ್ಲರೂ ಗ್ಲೌಸ್ ಬಿಚ್ಚಿ ಬರಿಗೈಯಲ್ಲಿ ಕೂತ್ಕೊಳ್ತಾರೆ. ಐದು ನಿಮಿಷ ಆ ತಣ್ಣನೆ ಕಬ್ಬಿಣ ಮುಟ್ಟಿದ ಕೈ ಮತ್ತೆ ಬೆಚ್ಚಗಾಗಲಿಕ್ಕೆ ಒಂದು ಗಂಟೆ ಬೇಕು. ತೆಳುವಿನದು ಇರೋದು ಇದಕ್ಕೆ: ಲೇಸು ಕಟ್ಟುವಾಗ, ಝಿಪ್ ಎಳೆಯುವಾಗ, ನೀರಿನ ಬಾಟಲಿ ತೆಗೆಯುವಾಗ ಮೇಲಿನದು ಬಿಚ್ಚಿದ್ರೂ ಕೈ ಬರಿದಾಗಬಾರದು. ಅದು ಕೊಡುವ ಬಿಸಿಗಿಂತ ನನಗೆ ಇದೇ ದೊಡ್ಡದು.

ಬುಲೆಟ್_ಭಟ್ಟ
> ಅರ್ಧ ಸರಿ

ನಾನು ಗಾಡಿ ವಿಷಯ ಮಾತ್ರ ಹೇಳಿದ್ದು, ಅದು ಪೂರ್ತಿ ಸರಿ.

ಸುಬ್ಬತ್ತೆ
ಅಯ್ಯೋ ಕೂಸೆ, ಎಂತಕ್ಕೆ ಇಷ್ಟೆಲ್ಲ ತಲೆಬಿಶಿ. ಯಂಗ ಸಣ್ಣಕ್ಕಿದ್ದಾಗ ಬೆಳಗಿನ ಜಾವ ಎದ್ದು ಅಡಕೆ ಸುಲಿತಿದ್ಯ. ಗ್ಲೌಸೂ ಇಲ್ಲೆ ಎಂತೂ ಇಲ್ಲೆ. ಬಿಶಿ ಕಷಾಯ ಕುಡ್ಕಂಡು ಹೋಗು, ಸಾಕು.

ಹುಲೇಕಲ್_ರಸ್ತೆ
ಅತ್ತೆ, ಹಿಮದ ಮೇಲೆ ಕಷಾಯ ಕಾಸಿ ಕೊಡಲಿಕ್ಕೆ ನೀವೂ ಬನ್ನಿ 🙏

ಮುಂಡಗೋಡ_ಮಂಜ್ಯಾ
ಅಕ್ಕಾರ, ಶಿರಸಿಯೊಳಗ ಯಾಕ ಹುಡುಕ್ತೀರಿ? ನಮ್ಮೂರ ಟಿಬೆಟಿಯನ್ ಕ್ಯಾಂಪಿಗೆ ಬರ್ರಿ. 1966ರಿಂದ ಅವರು ಇಲ್ಲೇ ಅದಾರ. ಸ್ವೆಟರ್, ಟೊಪಿಗಿ, ಗ್ಲೌಸ್ ಎಲ್ಲಾ ಸಿಗತಾವ. ಒಂದ್ ಮಾತ್, ಚಳಿಗಾಲದಾಗ ಬಾಳ ಮಂದಿ ಸ್ವೆಟರ್ ಮಾರಾಕ ಬ್ಯಾರೆ ಬ್ಯಾರೆ ಊರಿಗೆ ಹೋಗಿರ್ತಾರ, ಅದಕ್ಕ ಜಲ್ದಿ ಬರ್ರಿ. ಮೊಮೊ ತಿಂದ್ ಹೋಗ್ರಿ.

ಮಾಬ್ಲು
ಮಂಜಣ್ಣ, ಅಲ್ಲಿ ಸಿಗುವ ಮಾಲಲ್ಲೂ ಹೆಚ್ಚಿನದ್ದು ಲೂಧಿಯಾನಾದಿಂದ ಬರೋದು, ಅಕ್ರಿಲಿಕ್ಕೇ ಜಾಸ್ತಿ. ಟಿಬೆಟಿನವರು ಮಾರಿದ ಮಾತ್ರಕ್ಕೆ ಟಿಬೆಟಿನ ಕುರಿ ಆಗೋದಿಲ್ಲ.

ಮುಂಡಗೋಡ_ಮಂಜ್ಯಾ
ಕೈಲೆ ಹೆಣದದ್ದೂ ಇರ್ತಾವ್ರಿ, ಕೇಳಿ ತಗೋಬೇಕು. ಎಲ್ಲಾ ಲೂಧಿಯಾನಾ ಅಂದ್ರ ಹ್ಯಾಂಗ.

ಹಿಮದ_ಹುಚ್ಚ
ಕೈಯಲ್ಲಿ ಹೆಣೆದದ್ದು ಬೆಚ್ಚಗಿರ್ತದೆ, ಆದ್ರೆ ದಪ್ಪ. ಇವರಿಗೆ ಬೇಕಾದ್ದು ಇನ್ನೊಂದು ಗ್ಲೌಸ್ ಒಳಗೆ ಹೋಗುವಂಥದ್ದು. ದಪ್ಪದ್ದನ್ನು ಒಳಗೆ ತುರುಕಿದ್ರೆ ಬೆರಳು ಬಿಗೀತದೆ, ರಕ್ತ ಓಡೋದಿಲ್ಲ. ಎರಡು ದಪ್ಪ ಗ್ಲೌಸ್ ಹಾಕಿದವರ ಕೈಯೇ ಮೊದಲು ಮರಗಟ್ಟೋದು.

ಅಕ್ರಿಲಿಕ್ ಅಂದ್ರೆ ಪೂರ್ತಿ ದಂಡ ಅಂತಲ್ಲ. ಒಣಗಿದ್ದಾಗ ಅದೂ ಬೆಚ್ಚಗೇ. ಬೆವರು ಬಂದ ಮೇಲೆ ಗೊತ್ತಾಗೋದು. ಏರುವಾಗ ಅಂಗೈ ಬೆವರ್ತದೆ, ನಿಂತ ಕೂಡ್ಲೆ ಆ ಬೆವರು ತಣ್ಣಗಾಗ್ತದೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಒಳಗೆ ಎಳ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ನಿಸೋದಿಲ್ಲ. ಎಳ್ಕೊಳ್ಳುವಾಗ ಸಣ್ಣ ಪ್ರಮಾಣದಲ್ಲಿ ಶಾಖವನ್ನೂ ಬಿಡ್ತದೆ. ನಾಲ್ಕು ದಿನ ಹಾಕಿದ್ರೂ ಅಷ್ಟೇನೂ ನಾರೋದಿಲ್ಲ. ಇದಕ್ಕೇ ದುಡ್ಡು.

ಕುರಿಹಿಂಡು
ಎಲ್ಲ ಸರಿ, ನಮ್ಮದೇ ಕಂಬಳಿ ಉಣ್ಣೆ ಇರುವಾಗ ಆಸ್ಟ್ರೇಲಿಯಾದ ಕುರಿಗೆ ದುಡ್ಡು ಯಾಕೆ ಕೊಡಬೇಕು? ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ನಟ್ಟಿ ಮಾಡಿದವರು ನಮ್ಮಜ್ಜಂದಿರು. ದಿನವಿಡೀ ನೆಂದ್ರೂ ಒಳಗೆ ಬೆಚ್ಚಗೆ. ರಾಣೆಬೆನ್ನೂರು ಕಡೆ ಮೆಡ್ಲೇರಿಯ ಕಂಬಳಿ ನೋಡಿದ್ದೀರಾ? ಆ ನೂಲಲ್ಲಿ ಗ್ಲೌಸ್ ಹೆಣೆದ್ರೆ ಮೂರು ತಲೆಮಾರು ಬರ್ತದೆ.

ನೂಲೆಳೆ
ಮೂರು ತಲೆಮಾರು ಬಂದೀತು, ಮೂರು ನಿಮಿಷ ಹಾಕ್ಕೊಳ್ಳಲಿಕ್ಕೆ ಆಗ್ಲಿಕ್ಕಿಲ್ಲ. ನಾನು ಹೆಣಿಗೆ ಕೆಲಸ ಮಾಡುವವಳು, ಆ ನೂಲು ಕೈಯಲ್ಲಿ ಹಿಡಿದು ಗೊತ್ತು. ದಖ್ಖನಿ ಕುರಿಯ ಉಣ್ಣೆ ಒರಟು, ನಡುವೆ ಕೂದಲೂ ಸೇರಿರ್ತದೆ. ಎಳೆಯ ದಪ್ಪ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಾಟಿದ್ರೆ ಚರ್ಮಕ್ಕೆ ಚುಚ್ಚಲಿಕ್ಕೆ ಶುರು. ಒಳಗ್ಲೌಸಿಗೆ ಹಾಕುವ ಮೆರಿನೋ 17ರಿಂದ 19ರ ಒಳಗೆ. ನೇಯುವ ಮೊದಲು ಕಂಬಳಿ ನೂಲಿಗೆ ಹುಣಸೆ ಬೀಜದ ಗಂಜಿ ಬೇರೆ ಹಾಕ್ತಾರೆ, ಮೊದಮೊದಲು ಹಲಗೆಯ ಹಾಗೆ ನಿಲ್ಲೋದು ಅದಕ್ಕೇ. ಕಂಬಳಿ ಅಂಗಿಯ ಮೇಲೆ ಹೊದೆಯುವ ವಸ್ತು, ಚರ್ಮಕ್ಕೆ ತಾಗಿಸ್ಕೊಳ್ಳುವ ವಸ್ತು ಅಲ್ಲ. ಕುರಿಯನ್ನು ದೂರಬೇಡಿ, ಬೇರೆ ಕೆಲಸದ ಕುರಿ ಅದು.

ಕುರಿಹಿಂಡು
ಹೊರಗ್ಲೌಸಿಗಾದ್ರೂ ಆಗ್ತದಲ್ಲ?

ನೂಲೆಳೆ
ಹೊರಗಿನದ್ದಕ್ಕೆ ಆಗ್ತದೆ. ಹೆಣೆದು, ಬಿಸಿ ನೀರಲ್ಲಿ ತಿಕ್ಕಿ ಒತ್ತಾಗಿಸಿದ್ರೆ ಗಾಳಿಯೂ ಅಷ್ಟು ನುಗ್ಗೋದಿಲ್ಲ. ಐದು ಬೆರಳಿನದ್ದು ಬೇಡ, ನಾಲ್ಕು ಬೆರಳು ಒಟ್ಟಿಗೆ ಇರುವ ಚೀಲದಂಥದ್ದು ಮಾಡಿ. ಬೆರಳಿಗೆ ಬೆರಳು ತಾಗಿ ಬೆಚ್ಚಗಿರ್ತವೆ.

ಮಂಗಟ್ಟೆ_ಕ್ಲಿಕ್
ದಾಂಡೇಲಿ ಕಡೆ ಬೆಳಗಿನ ಸಫಾರಿ ಮಾಡುವವರಿಗೂ ಇದೇ ಗೋಳು. ತೆರೆದ ಜೀಪು, ಮಂಜು, ಕೈಯಲ್ಲಿ ಕ್ಯಾಮೆರಾ. ದಪ್ಪ ಗ್ಲೌಸಲ್ಲಿ ಶಟರ್ ಅರ್ಧ ಒತ್ತಿದ್ದು ಗೊತ್ತೇ ಆಗೋದಿಲ್ಲ, ಮಂಗಟ್ಟೆ ಹಾರಿ ಹೋದ ಮೇಲೆ ಬರೀ ಕೊಂಬೆಯ ಫೋಟೋ. ತೆಳು ಮೆರಿನೋ ಹಾಕಿದ್ರೆ ಗುಂಡಿಯ ಏರಿಳಿತ ಬೆರಳಿಗೆ ಸಿಗ್ತದೆ.

ಫೋನ್ ವಿಷಯ: ಉಣ್ಣೆ ವಿದ್ಯುತ್ ದಾಟಿಸೋದಿಲ್ಲ, ಅದಕ್ಕೇ ಪರದೆಗೆ ಬೆರಳಿನ ಗುರುತು ಸಿಗೋದಿಲ್ಲ. ತೋರುಬೆರಳು, ಹೆಬ್ಬೆರಳ ತುದಿಗೆ ಲೋಹದ ನೂಲು ಸೇರಿಸಿ ಹೆಣೆದದ್ದು ಬರ್ತದೆ, ಅದನ್ನು ನೋಡಿ ತಗೊಳ್ಳಿ. ಹೊಸತರಲ್ಲಿ ಚೆನ್ನಾಗಿ ಕೆಲಸ ಮಾಡ್ತದೆ, ತುದಿ ಜುಂಗು ಎದ್ದ ಮೇಲೆ ಒಂದಕ್ಕೆ ನಾಲ್ಕು ಸಲ ಒತ್ತಬೇಕು. ಹಣೆಬರಹ.

ಬುಲೆಟ್_ಭಟ್ಟ
ಗಾಡಿ ಓಡಿಸುವಾಗ ಫೋನ್ ಎಂತಕ್ಕೆ?

ಹುಲೇಕಲ್_ರಸ್ತೆ
ಬೆಟ್ಟದ ಮೇಲೆ ಫೋಟೋ ತೆಗೀಲಿಕ್ಕೆ ಭಟ್ರೇ!

ಬೈತಖೋಲ_ಬಾಬು
ನಗಾಡಿದ್ದಾಯ್ತು, ಈಗ ಕೆಲಸದ ಮಾತು. ಚಳಿ ಇಲ್ಲ ಅಂದ್ರೂ ಬಂದರಲ್ಲಿ ಬರ್ಫ ಇದೆಯಲ್ಲ. ದೋಣಿ ಬಂತು ಅಂದ್ರೆ ಬುಟ್ಟಿ ಬುಟ್ಟಿ ಮೀನು, ಒಂದು ಪದರ ಬರ್ಫದ ಪುಡಿ, ಒಂದು ಪದರ ಬಂಗಡೆ, ಮತ್ತೆ ಬರ್ಫ. ಕೈ ಹಾಕಿ ಹಾಕಿ ಬೆರಳು ಕೆಂಪಗೆ ಊದಿರ್ತದೆ. ರಬ್ಬರ್ ಗ್ಲೌಸ್ ಒಂದೇ ಹಾಕಿದ್ರೆ ನೀರು ತಾಗೋದಿಲ್ಲ, ಥಂಡಿ ತಾಗ್ತದೆ. ಒಳಗೆ ಹತ್ತಿಯದ್ದು ಹಾಕ್ತಾರೆ, ಬೆವರಿಗೆ ಅದು ಒದ್ದೆ ಆಗಿ ಇನ್ನೂ ತಣ್ಣಗೆ. ಅಲ್ಲಿಗೆ ಈ ತೆಳು ಉಣ್ಣೆಯದು ಆಗ್ತದಾ?

ಎಂಜಿನ್_ರೂಮ್
ಆಗ್ತದೆ ಬಾಬು. ನಾನು ಅಂಕೋಲೆಯವ, ಹಡಗಿನ ಕೆಲಸ. ನಾರ್ವೆ ಕಡೆಯ ಬಂದರುಗಳಲ್ಲಿ ಡೆಕ್ಕಿನ ಮೇಲೆ ಹಗ್ಗ ಹಿಡಿಯುವವರು ರಬ್ಬರ್ ಗ್ಲೌಸ್ ಒಳಗೆ ಉಣ್ಣೆಯದ್ದೇ ಹಾಕೋದು. ಎರಡು ಮೂರು ಜೊತೆ ಇಟ್ಕೊಂಡು, ಒದ್ದೆ ಆದದ್ದು ಎಂಜಿನ್ ರೂಮಲ್ಲಿ ಒಣಗಿಸ್ಲಿಕ್ಕೆ ತಂದು ತೂಗು ಹಾಕ್ತಾರೆ. ನನ್ನ ಪೈಪುಗಳ ಮೇಲೆಲ್ಲ ಕುರಿ ವಾಸನೆ.

ಹಳೇ ಕಾಲದ ಐಸ್‌ಲ್ಯಾಂಡಿನ ಮೀನುಗಾರರದ್ದು ಇನ್ನೂ ಸೋಜಿಗ. ಅವರ ಉಣ್ಣೆ ಗ್ಲೌಸಿಗೆ ಎರಡು ಹೆಬ್ಬೆರಳು! ಅಂಗೈ ಕಡೆ ಹಗ್ಗ ಎಳೆದು ಸವೆದ್ರೆ ತಿರುಗಿಸಿ ಹಾಕ್ಕೊಳ್ಳೋದು, ಇನ್ನೊಂದು ಹೆಬ್ಬೆರಳು ಆಗ ಉಪಯೋಗಕ್ಕೆ ಬರ್ತದೆ. ಒದ್ದೆ ಆದ್ರೆ ಹಿಂಡಿ ಮತ್ತೆ ಹಾಕ್ಕೊಳ್ತಿದ್ರು.

ಬೈತಖೋಲ_ಬಾಬು
ಎರಡು ಹೆಬ್ಬೆರಳಾ! ನಮ್ಮ ಬಲೆ ಎಳೆಯುವವರಿಗೆ ಹೇಳಿದ್ರೆ ನಂಬ್ಲಿಕ್ಕಿಲ್ಲ.

ದಾದಿ_ಕುಮಟಾ
ಒಂದು ವಿಷಯ ಯಾರೂ ಎತ್ತಲಿಲ್ಲ. ಹುಲೇಕಲ್ ರಸ್ತೆಯವರೇ, ಜೋಮು ಹಿಡಿದಾಗ ಬೆರಳಿನ ಬಣ್ಣ ಬದಲಾಗ್ತದಾ? ಒಂದೆರಡು ಬೆರಳು ಗೆರೆ ಎಳೆದ ಹಾಗೆ ಬಿಳಿಚಿ, ಆಮೇಲೆ ನೀಲಿ, ಬೆಚ್ಚಗಾಗುವಾಗ ಕೆಂಪಾಗಿ ಉರಿ ಬರ್ತದಾ? ಹಾಗಾದ್ರೆ ಅದು ರೇನಾಡ್ಸ್ ಅಂತ ಹೇಳುವ ತೊಂದರೆ ಇರಬಹುದು. ಚಳಿಗೆ ಬೆರಳಿನ ಸಣ್ಣ ರಕ್ತನಾಳ ಅತಿಯಾಗಿ ಬಿಗಿದುಕೊಳ್ಳೋದು. ಹೆಚ್ಚಿನವರಿಗೆ ಅಪಾಯ ಇಲ್ಲ, ಆದ್ರೆ ಅಷ್ಟು ಎತ್ತರದ ಹಿಮಕ್ಕೆ ಹೋಗುವ ಮೊದಲು ಡಾಕ್ಟರಿಗೆ ತೋರಿಸಿ. ಕೆಲವು ಬಿ.ಪಿ. ಮಾತ್ರೆಗಳಿಂದಲೂ ಜಾಸ್ತಿ ಆಗ್ತದೆ, ಬೀಡಿ ಸಿಗರೇಟಿನಿಂದಲೂ.

ತೋಟದವರಿಗೂ ಒಂದು ಮಾತು. ಕಳೆ ಹೊಡೆಯುವ ಮಷಿನ್ ವರ್ಷಗಟ್ಟಲೆ ಹಿಡಿದವರ ಬೆರಳೂ ಚಳಿಗೆ ಹೀಗೆ ಬಿಳಿಚಿಕೊಳ್ತದೆ. ಅದು ಮಷಿನ್ ನಡುಕದಿಂದ ನರ, ರಕ್ತನಾಳಕ್ಕೆ ಆಗುವ ಪೆಟ್ಟು. "ಥಂಡಿ ಆಯ್ತು" ಅಂತ ಬಿಡಬೇಡಿ.

ಮತ್ತೆ, ಮರಗಟ್ಟಿದ ಕೈಯನ್ನು ಸೀದಾ ಬಚ್ಚಲ ಒಲೆ ಮುಂದೆ ಹಿಡೀಬೇಡಿ. ಸ್ಪರ್ಶ ಗೊತ್ತಾಗದ ಕೈ ಸುಟ್ಟದ್ದೂ ಗೊತ್ತಾಗೋದಿಲ್ಲ. ಕಂಕುಳಲ್ಲಿ ಇಟ್ಕೊಳ್ಳಿ, ಇಲ್ಲ ಉಗುರು ಬೆಚ್ಚಗಿನ ನೀರು.

ಹುಲೇಕಲ್_ರಸ್ತೆ
ಬಣ್ಣ ಬದಲಾಗೋದಿಲ್ಲ ಅಕ್ಕ, ಬರೀ ಜೋಮು. ಆದ್ರೆ ನೀವು ಹೇಳಿದ ಮಷಿನ್ ವಿಷಯ ಅಪ್ಪನಿಗೆ ಓದಿ ಹೇಳಿದೆ. ಬೆರಳು ನೋಡಿಕೊಂಡು ಸುಮ್ಮನಾದ್ರು. ತೋರಿಸ್ಲಿಕ್ಕೆ ಕರ್ಕೊಂಡು ಹೋಗ್ತೇನೆ.

ತೋಟದಮನೆ
ಮಷಿನ್ ಬಿಟ್ರೆ ಆಳು ಎಲ್ಲಿದ್ದಾರೆ ಅಕ್ಕ? ಕಳೆ ಹೊಡೀಲಿಕ್ಕೆ ಜನ ಇಲ್ಲ, ಅಡಿಕೆ ಕೊನೆಕೊಯ್ಲಿಗೆ ಮರ ಹತ್ತುವ ಕೊನೆಗೌಡ ಸಿಗುವುದಂತೂ ಕೇಳ್ಬೇಡಿ. ಈ ವರ್ಷ ನಮ್ಮ ತೋಟಕ್ಕೆ ಬರ್ತೇನೆ ಅಂದವನು ಇನ್ನೂ ಪಕ್ಕದ ಊರಲ್ಲೇ ಇದ್ದಾನೆ.

ಮಾಬ್ಲು
ನಮ್ಮಲ್ಲಿ ಫೈಬರ್ ದೋಟಿ ತಂದಿದ್ದೇವೆ. ಕೆಳಗೆ ನಿಂತೇ ಕೊಯ್ಯೋದು. ಕುತ್ತಿಗೆ ನೋವು ಮಾತ್ರ ದೋಟಿ ಜೊತೆ ಪುಕ್ಕಟೆ.

ತೋಟದಮನೆ
ಎತ್ತರದ ಮರಕ್ಕೆ ಅಷ್ಟುದ್ದದ ದೋಟಿ ಬಳುಕೋದಿಲ್ವಾ?

ಬುಲೆಟ್_ಭಟ್ಟ
ಅಡಿಕೆಗೆ ಬೇರೆ ವಿಷಯ ತೆಗೀರಿ. ಇಲ್ಲಿ ಗ್ಲೌಸ್.

ಅರಬೈಲ್_ಮಂಜು
ರೇಷ್ಮೆಯ ಒಳಗ್ಲೌಸೂ ಬರ್ತದೆ. ಉಣ್ಣೆಗಿಂತ ತೆಳು, ತಾಗುವುದೇ ಗೊತ್ತಾಗೋದಿಲ್ಲ, ಬೇಗ ಒಣಗ್ತದೆ. ಉಣ್ಣೆ ತುರಿಸುವವರಿಗೆ ಅದೇ ಮೇಲು.

ಹಿಮದ_ಹುಚ್ಚ
ರೇಷ್ಮೆ ಚಂದವೇ, ಆದ್ರೆ ಮೈಕ್ರೋಸ್ಪೈಕಿನ ಮುಳ್ಳಿಗೆ ಒಂದು ಸಲ ಸಿಕ್ಕಿದ್ರೆ ಮುಗೀತು. ನೂರಕ್ಕೆ ನೂರು ಮೆರಿನೋ ಕೂಡ ಬೆರಳ ತುದಿಯಲ್ಲಿ ಬೇಗ ತೂತು ಬೀಳ್ತದೆ. ಸ್ವಲ್ಪ ನೈಲಾನ್ ಸೇರಿದ್ದು ತಗೊಳ್ಳಿ, ಬಾಳಿಕೆ ಬರ್ತದೆ. "ನೂರಕ್ಕೆ ನೂರು" ಅಂತ ಬರೆದದ್ದೇ ಒಳ್ಳೇದು ಅಂತ ಏನಿಲ್ಲ.

ಮತ್ತೆ ಎರಡು ಜೊತೆ ಒಯ್ಯಿರಿ. ಏರುವಾಗ ಒದ್ದೆ ಆದದ್ದನ್ನು ಜಾಕೆಟ್ಟಿನ ಒಳಗೆ, ಮೈಗೆ ತಾಗುವ ಹಾಗೆ ಇಟ್ರೆ ನಿಧಾನಕ್ಕೆ ಒಣಗ್ತದೆ. ಬ್ಯಾಗಿನ ಹೊರಗೆ ತೂಗು ಹಾಕಿದ್ರೆ ಹಪ್ಪಳ ಆಗಿರ್ತದೆ.

ಸುಬ್ಬತ್ತೆ
ತೊಳೆಯದು ಹ್ಯಾಂಗೆ ಹೇಳಿ ಯಾರೂ ಹೇಳಿದ್ದಿಲ್ಲೆ. ಅಂಟುವಾಳ ಕಾಯಿ ನೆನಸಿ ಆ ನೊರೆಲಿ ಅದ್ದಿ ತೆಗೆಯಕ್ಕು. ಯಮ್ಮನೆ ಶಾಲೆಲ್ಲ ಹಾಂಗೇ ತೊಳೆತ್ಯ.

ನೂಲೆಳೆ
ಸುಬ್ಬತ್ತೆ ಮಾತು ಚಿನ್ನ. ಉಣ್ಣೆ ಅಂದ್ರೆ ಪ್ರೋಟೀನು. ಕಲೆ ತೆಗೆಯಲಿಕ್ಕೆ ಅಂತ ಎಂಜೈಮ್ ಹಾಕಿದ ಸೋಪಿನ ಪುಡಿ ಕಲೆಯ ಜೊತೆ ಉಣ್ಣೆಯನ್ನೂ ತಿಂತದೆ. ತಣ್ಣೀರು, ಅಂಟುವಾಳ ಇಲ್ಲ ಮೆತ್ತಗಿನ ಶಾಂಪೂ. ತಿಕ್ಕಬಾರದು, ಹಿಂಡಬಾರದು. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಲಗಿಸಿ ಒಣಗಿಸಿ.

ನಮ್ಮ ಮಳೆಗಾಲವೇ ಇದಕ್ಕೆ ದೊಡ್ಡ ಶತ್ರು. ಆಟಿ ಮುಗಿಯುವಷ್ಟರಲ್ಲಿ ಕಪಾಟಲ್ಲಿ ಬೂಸ್ಟು, ಇಲ್ಲದಿದ್ರೆ ಹುಳ. ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಬೆವರು ಕೊಳೆ ಉಳಿದಲ್ಲಿಗೇ ಹುಳ ಬರೋದು, ತೊಳೀದೆ ಎತ್ತಿಡಬೇಡಿ.

ತೋಟದಮನೆ
ವಾಷಿಂಗ್ ಮಷಿನ್ನಿಗೆ ಹಾಕಿದ್ರೆ?

ನೂಲೆಳೆ
ಚೀಟಿಯಲ್ಲಿ ಸೂಪರ್‌ವಾಶ್ ಅಂತ ಇದ್ರೆ ಆಗ್ತದೆ, ಅದರ ಎಳೆಯ ಮೇಲಿನ ಹುರುಪೆಗಳನ್ನು ಮೊದಲೇ ನಯ ಮಾಡಿರ್ತಾರೆ. ಬೇರೆಯದ್ದಾದ್ರೆ ಬಿಸಿನೀರು, ತಿರುಗಾಟಕ್ಕೆ ಎಳೆ ಎಳೆ ಸಿಕ್ಕಿಕೊಂಡು ಕುಗ್ತದೆ. ಮನೆಯಲ್ಲಿ ಬಾಲವಾಡಿಗೆ ಹೋಗುವ ಮಗು ಇದ್ರೆ ಅದಕ್ಕೆ ಸರಿಹೋಗ್ತದೆ.

ಹುಲೇಕಲ್_ರಸ್ತೆ
ಸರಿ, ತೀರ್ಮಾನ: ನೈಲಾನ್ ಸೇರಿದ ತೆಳು ಮೆರಿನೋ ಒಂದು ಜೊತೆ ಆನ್‌ಲೈನಲ್ಲಿ. ಎರಡನೇ ಜೊತೆಗೆ ಭಾನುವಾರ ಮುಂಡಗೋಡಕ್ಕೆ, ಮೊಮೊ ಸಮೇತ. ಸ್ಕೂಟಿಗೆ ಮೇಲಿನಿಂದ ಗಾಳಿ ತಡೆಯುವ ಗ್ಲೌಸ್, ಭಟ್ರ ಲೆದರ್ ಅಲ್ಲ. ಈಗ ಅಳತೆ ಹೇಳಿ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪ್ ಹಿಡಿದ್ರೆ 18 ಸೆಂ.ಮೀ. ಬರ್ತದೆ.

ಬುಲೆಟ್_ಭಟ್ಟ
ಬಿದ್ರೆ ಕೈ ಉಳಿಸೋದು ಲೆದರ್ರೇ. ಹೇಳಿದ್ದೇನೆ, ಆಮೇಲೆ ನಿಮ್ಮಿಷ್ಟ.

ಹಿಮದ_ಹುಚ್ಚ
ಅದು ಒಪ್ಪತಕ್ಕ ಮಾತು ಭಟ್ರೇ.

18 ಸೆಂ.ಮೀ. ಅಂದ್ರೆ ಸುಮಾರು 7 ಇಂಚು, ಹೆಚ್ಚಿನ ಕಡೆ ಅದೇ 7ನೇ ನಂಬರ್. ಆದ್ರೂ ಆಯಾ ಕಂಪನಿಯ ಪಟ್ಟಿ ನೋಡಿಯೇ ತಗೊಳ್ಳಿ. ತೆಳುವಿನದು ಮೈಗೆ ಕೂತ ಹಾಗಿರಬೇಕು, ಬೆರಳ ತುದಿಯಲ್ಲಿ ಬಟ್ಟೆ ಮಡಿಚಬಾರದು. ಸಾಂಕ್ರಿಯಲ್ಲಿ ಬಾಡಿಗೆಯದ್ದು ತಗೊಳ್ಳುವಾಗ ತೆಳುವಿನದನ್ನು ಹಾಕ್ಕೊಂಡೇ ಹಾಕಿ ನೋಡಿ. ಮುಷ್ಟಿ ಕಟ್ಟಿದಾಗ ಗಿಣ್ಣಿನ ಮೇಲೆ ಬಿಗಿ ಅನ್ನಿಸಿದ್ರೆ ನಾಚಿಕೆ ಇಲ್ಲದೆ ಒಂದು ನಂಬರ್ ದೊಡ್ಡದು ಕೇಳಿ. ಒಳಗೆ ಕೈ ಹಾಕಿ ಮೂಸಿಯೂ ನೋಡಿ, ಬಾಡಿಗೆ ಗ್ಲೌಸ್ ಅದು.